ಕ್ರೂಸ್ ಹಡಗಿನ ಕ್ಯಾಬಿನ್‌ಗೆ ತಿಂಡಿ ತರಿಸುವುದು: ನನ್ನ ಅನುಭವ

ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ವಿಮಾನ ಇರುವುದರಿಂದ ನಮ್ಮ ಕಡೆಯ ಎಷ್ಟೋ ಕುಟುಂಬಗಳ ಮೊದಲ ಕ್ರೂಸ್ ಅಲ್ಲಿಂದಲೇ ಶುರುವಾಗುತ್ತದೆ. ಮರೀನಾ ಬೇ ಕ್ರೂಸ್ ಸೆಂಟರ್‌ನಲ್ಲಿ ರಾಯಲ್ ಕೆರಿಬಿಯನ್ ಕಂಪನಿಯ ಹಡಗು ಹತ್ತಿ, ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿಕೊಂಡು 3–4 ರಾತ್ರಿಗಳಲ್ಲಿ ವಾಪಸ್. ಇಂಥ ಪ್ರವಾಸದಲ್ಲಿ ರೂಮ್ ಸರ್ವೀಸನ್ನು ನಾನು ಹೇಗೆ ಬಳಸುತ್ತೇನೆ ಎಂಬುದನ್ನು ಬರೆಯುತ್ತಿದ್ದೇನೆ.

ಹೋಟೆಲಿನ ರೂಮ್ ಸರ್ವೀಸ್ ಇದ್ದ ಹಾಗೆ ಇಲ್ಲೂ ಇರುತ್ತದೆ ಎಂದುಕೊಂಡರೆ ನಿರಾಶೆ ಖಂಡಿತ. ಈ ಕಂಪನಿಯ ಕ್ವಾಂಟಮ್ ವರ್ಗದ ಹಡಗಿನ ಉದ್ದ ಸುಮಾರು 348 ಮೀಟರ್, ಒಳಗೆ 4,000ಕ್ಕೂ ಹೆಚ್ಚು ಪ್ರಯಾಣಿಕರು. ಗ್ಯಾಲಿಯಿಂದ, ಅಂದರೆ ಹಡಗಿನ ಅಡುಗೆಮನೆಯಿಂದ, ಹೊರಟ ಟ್ರೇ ಸಿಬ್ಬಂದಿಯ ಲಿಫ್ಟ್ ಹತ್ತಿ, ಉದ್ದದ ಕಾರಿಡಾರ್ ದಾಟಿ ನಿಮ್ಮ ಬಾಗಿಲಿಗೆ ಬರಬೇಕು. ಹಾಗಾಗಿ ಯಾವ ತಿನಿಸು ರುಚಿ ಅನ್ನುವುದಕ್ಕಿಂತ ಯಾವುದು ಈ ದಾರಿಯನ್ನು ತಾಳಿಕೊಳ್ಳುತ್ತದೆ ಅನ್ನುವುದನ್ನು ಮೊದಲು ನೋಡಬೇಕು.

ಖರ್ಚಿನ ಮಾತು. ತಣ್ಣನೆಯ ಕಾಂಟಿನೆಂಟಲ್ ತಿಂಡಿ ಉಚಿತ. ಉಳಿದದ್ದಕ್ಕೆ, ನಾನು ಬಳಸಿದಾಗ, ಒಂದು ಆರ್ಡರ್‌ಗೆ 7.95 ಡಾಲರ್ ಮತ್ತು ಅದರ ಮೇಲೆ 18 ಶೇಕಡಾ ಗ್ರಾಚ್ಯುಟಿ, ಅಂದರೆ ಸಿಬ್ಬಂದಿಯ ಟಿಪ್, ಇತ್ತು, ಒಟ್ಟು 9.38 ಡಾಲರ್. ಇದು ತಟ್ಟೆಗೆ ಅಲ್ಲ, ಆರ್ಡರ್‌ಗೆ ಬೀಳುವ ಶುಲ್ಕ. ಮಗುವಿಗೆಂದು ಒಮ್ಮೆ, ಅಜ್ಜಿಗೆಂದು ಇನ್ನೊಮ್ಮೆ ಫೋನ್ ಮಾಡಿದರೆ ಎರಡು ಸಲ ಕಟ್ಟಬೇಕು. ಮನೆಮಂದಿಗೆಲ್ಲ ಏನು ಬೇಕೆಂದು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಒಂದೇ ಸಲ ಹೇಳುವುದು ನನ್ನ ಕ್ರಮ. ಹಣ ಸೀಪಾಸ್ ಕಾರ್ಡ್‌ನ, ಅಂದರೆ ಕ್ಯಾಬಿನ್ ಬೀಗ ತೆರೆಯುವ ಹಡಗಿನ ಕಾರ್ಡ್‌ನ, ಲೆಕ್ಕಕ್ಕೆ ಸೇರಿ, ಕೊನೆಗೆ ನಿಮ್ಮ ಕ್ರೆಡಿಟ್ ಕಾರ್ಡ್‌ನಿಂದ ಡಾಲರ್‌ನಲ್ಲಿ ಹೋಗುತ್ತದೆ. ನಮ್ಮ ಬಹುಪಾಲು ಬ್ಯಾಂಕ್‌ಗಳು ಅದರ ಮೇಲೆ ವಿದೇಶಿ ವಿನಿಮಯದ ಶುಲ್ಕ ಹಾಕುತ್ತವೆ. ಬಿಲ್ಲಿನಲ್ಲಿ ಟಿಪ್ ಬರೆಯಲು ಖಾಲಿ ಗೆರೆ ಇದ್ದರೆ ಗಾಬರಿಯಾಗಬೇಡಿ, ಮೇಲೆ 18 ಶೇಕಡಾ ಆಗಲೇ ಸೇರಿದೆಯೇ ನೋಡಿ. ಉಚಿತ ತಿಂಡಿ ತಂದವರ ಕೈಗೆ ನಾನು ಒಂದೆರಡು ಡಾಲರ್ ನೋಟು ಕೊಡುತ್ತೇನೆ. ಬೆಳಗಿನ ಜಾವವೇ ಎದ್ದು ಟ್ರೇ ಹೊರುವ ಕೆಲಸ ಅದು.

ಬೆಳಗಿನ ತಿಂಡಿಗೆ ಬಾಗಿಲಿಗೆ ನೇತುಹಾಕುವ ಚೀಟಿ ಇರುತ್ತದೆ. ಕೆಲವು ಹಡಗುಗಳಲ್ಲಿ ಅದರ ಬದಲು ಕ್ಯಾಬಿನ್ನಿನ ಟಿವಿಯಲ್ಲೇ ಆರ್ಡರ್. ಚೀಟಿಯಾದರೆ ಕ್ಯಾಬಿನ್ ಸಂಖ್ಯೆ, ಎಷ್ಟು ಜನ, ಅರ್ಧ ಗಂಟೆಯ ಯಾವ ಅವಧಿಯಲ್ಲಿ ಬೇಕು, ಇಷ್ಟನ್ನು ತುಂಬಿ ಸಹಿ ಹಾಕಿ ರಾತ್ರಿ ಹೊರಗಿನ ಹಿಡಿಕೆಗೆ ಸಿಕ್ಕಿಸಬೇಕು. ಎತ್ತಿಕೊಂಡು ಹೋಗುವ ಹೊತ್ತು ಅದರ ಮೇಲೇ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ ಬೆಳಗಿನ ಜಾವ 2ರಿಂದ 3. ಇಲ್ಲಿ ಎಲ್ಲರೂ ಮಾಡುವ ತಪ್ಪು ಟಿಕ್ ಗುರುತು ಹಾಕುವುದು. ನಾಲ್ಕು ಜನ ಇದ್ದು ಮೊಸರಿನ ಮುಂದೆ ಬರೀ ಟಿಕ್ ಇದ್ದರೆ ಬರುವುದು ಒಂದೇ ಕಪ್. ಆ ಜಾಗದಲ್ಲಿ 4 ಎಂದು ಅಂಕಿಯನ್ನೇ ಬರೆಯಿರಿ. ಹಾಲು ಬಿಸಿಯೋ ತಣ್ಣಗೋ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ, ಇಲ್ಲದಿದ್ದರೆ ತಣ್ಣಗೇ ಬರುತ್ತದೆ. ಅದೇ ಹಿಡಿಕೆಯಲ್ಲಿ ‘ತೊಂದರೆ ಕೊಡಬೇಡಿ’ ಫಲಕವನ್ನೂ ನೇತುಹಾಕಿ ಮಲಗಿದರೆ ಬೆಳಿಗ್ಗೆ ತಟ್ಟಬೇಕೋ ಬೇಡವೋ ಎಂದು ತಂದವರಿಗೇ ಗೊಂದಲ. ಅದನ್ನು ತೆಗೆದಿಡಿ.

ಸಮಯದ ವಿಷಯದಲ್ಲಿ ಫುಕೆಟ್ ದಿನ ವಿಶೇಷ ಎಚ್ಚರ ಬೇಕು. ಥಾಯ್ಲೆಂಡ್ ಗಡಿಯಾರ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ದಡ ಹತ್ತಿರವಾಗಿ ಸಿಗ್ನಲ್ ಸಿಕ್ಕ ಕೂಡಲೇ ನಿಮ್ಮ ಫೋನ್ ತಾನಾಗಿಯೇ ಬದಲಾಗುತ್ತದೆ. ಚೀಟಿ ಓದುವವರು ಲೆಕ್ಕ ಹಾಕುವುದು ಹಡಗಿನ ಸಮಯವನ್ನು. ಹಡಗು ಸಿಂಗಪುರದ ಸಮಯದಲ್ಲೇ ಉಳಿದಿದ್ದರೆ, ಫೋನ್ 6 ಎನ್ನುವಾಗ ಹಡಗಿನಲ್ಲಿ 7. ಬಾಗಿಲು ತಟ್ಟುವಾಗ ನೀವಿನ್ನೂ ಗಾಢ ನಿದ್ದೆಯಲ್ಲಿರುತ್ತೀರಿ. ಹಿಂದಿನ ರಾತ್ರಿಯೇ ಹಡಗಿನ ಸಮಯ ಬದಲಾಗುತ್ತದೆಯೇ ಎಂದು ದಿನದ ಕಾರ್ಯಕ್ರಮ ಪಟ್ಟಿಯಲ್ಲಿ ನೋಡಿಕೊಂಡು, ಅಲಾರಂಗೆ ಕೈಗಡಿಯಾರವನ್ನೇ ಬಳಸುತ್ತೇನೆ. ಪ್ರವಾಸದ ಬಸ್ 8ಕ್ಕೆ ಎಂದಿದ್ದರೆ ತಿಂಡಿಗೆ 6ರಿಂದ 6.30ರ ಅವಧಿ ಹಿಡಿಯಿರಿ. ಬಂದರಿನ ದಿನ 7ರ ನಂತರದ ಅವಧಿಗೆ ಎಲ್ಲರೂ ಮುಗಿಬೀಳುತ್ತಾರೆ, ತಡವಾಗುವುದು ಆಗಲೇ. ನನ್ನ ಮಟ್ಟಿಗೆ ರೂಮ್ ಸರ್ವೀಸ್ ನಿಜಕ್ಕೂ ಬೆಲೆಬಾಳುವುದು ಈ ಬಂದರಿನ ಬೆಳಗಿನಲ್ಲಿ ಮಾತ್ರ: ಬಫೆಯ ಸಾಲು ತಪ್ಪುತ್ತದೆ, ಮಕ್ಕಳು ಹಾಸಿಗೆಯಿಂದೆದ್ದ ಹಾಗೇ ತಿಂದು ಹೊರಡಬಹುದು.

ಇನ್ನು ಏನು ತರಿಸುವುದು. ಮುಚ್ಚಳದ ಕೆಳಗೆ ಹಬೆ ಕಟ್ಟಿಕೊಂಡು ಫ್ರೆಂಚ್ ಫ್ರೈಸ್ ಮೆತ್ತಗಾಗುತ್ತದೆ, ಪಿಜ್ಜಾದ ಅಡಿ ಒದ್ದೆಯಾಗುತ್ತದೆ, ಟೋಸ್ಟ್ ಚರ್ಮದಂತಾಗುತ್ತದೆ. ಪಿಜ್ಜಾ ಬೇಕಾದರೆ ಹಡಗಿನಲ್ಲೇ ಇರುವ ಸೊರೆಂಟೋಸ್ ಪಿಜ್ಜಾ ಅಂಗಡಿಗೆ ನಡೆದುಹೋಗಿ ತಟ್ಟೆಯಲ್ಲಿ ಹಾಕಿಸಿಕೊಂಡು ಬನ್ನಿ. ಬಿಸಿಯಾಗಿಯೂ ಇರುತ್ತದೆ, ಶುಲ್ಕವೂ ಇಲ್ಲ. ಹಣ್ಣು, ಮೊಸರು, ಸೀರಿಯಲ್ ಮತ್ತು ಹಾಲು, ಬೇಗಲ್, ಜ್ಯೂಸ್, ಇವಕ್ಕೆ ದಾರಿಯಲ್ಲಿ ಏನೂ ಆಗುವುದಿಲ್ಲ.

ಸಸ್ಯಾಹಾರಿಗಳು ‘ವೆಜಿಟೇರಿಯನ್’ ಎಂಬ ಒಂದೇ ಪದಕ್ಕೆ ಜೋತುಬೀಳಬಾರದು. ಹಡಗಿನವರ ಪಾಲಿಗೆ ಆ ಪದದೊಳಗೆ ಮೊಟ್ಟೆಯೂ ಸೇರಿದೆ. ಮಫಿನ್‌ನಲ್ಲಿ ಮೊಟ್ಟೆ ಇದ್ದೇ ಇರುತ್ತದೆ, ಕ್ರಾಸಾಂಟ್‌ಗೆ ಹೊಳಪು ಬರಲು ಸವರುವುದೂ ಸಾಮಾನ್ಯವಾಗಿ ಮೊಟ್ಟೆಯನ್ನೇ. ತರಕಾರಿ ಸೂಪಿಗೆ ಕೋಳಿ ಬೇಯಿಸಿದ ನೀರು (ಸ್ಟಾಕ್) ಬಿದ್ದಿರಬಹುದು, ಸೀಸರ್ ಸಲಾಡಿನ ಡ್ರೆಸಿಂಗ್‌ನಲ್ಲಿ ಆಂಚೊವಿ ಮೀನು ಇರುತ್ತದೆ, ಕೆಲವು ಬ್ರಾಂಡ್‌ಗಳ ಹಣ್ಣಿನ ಮೊಸರಿನಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜಿಲೆಟಿನ್ ಇರುತ್ತದೆ. ಫೋನಿನಲ್ಲಿ ನಾನು ‘ನೋ ಮೀಟ್, ನೋ ಚಿಕನ್, ನೋ ಫಿಶ್, ನೋ ಎಗ್’ ಎಂದು ಬಿಡಿಬಿಡಿಯಾಗಿ ಹೇಳಿ, ಆರ್ಡರನ್ನು ಅವರಿಂದಲೇ ಮತ್ತೊಮ್ಮೆ ಓದಿಸುತ್ತೇನೆ. ಬಿಸಿಯಾದ ಭಾರತೀಯ ಊಟ ಬೇಕಿದ್ದರೆ ದೊಡ್ಡ ಊಟದ ಹಾಲ್‌ನ ಹೆಡ್ ವೇಟರ್‌ಗೆ ಮೊದಲ ರಾತ್ರಿಯೇ ಹೇಳುವುದು ಸರಿಯಾದ ದಾರಿ. ರೂಮ್ ಸರ್ವೀಸ್ ಮೆನುವಿನಲ್ಲಿ ಹುಡುಕಿ ಫಲವಿಲ್ಲ.

ನಮ್ಮವರಿಗೆ ನಾನು ಒತ್ತಿ ಹೇಳುವ ವಸ್ತು ಬಿಸಿನೀರು. ಎಲೆಕ್ಟ್ರಿಕ್ ಕೆಟಲ್, ಇಮ್ಮರ್ಶನ್ ಕಾಯಿಲ್, ರೈಸ್ ಕುಕ್ಕರ್ ಯಾವುದನ್ನೂ ಹಡಗಿಗೆ ತರುವಂತಿಲ್ಲ, ಬೆಂಕಿಯ ಭಯಕ್ಕೆ. ಲಗೇಜ್ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಆದರೆ ತಿಂಡಿಯ ಜೊತೆಗೆ ಒಂದು ಪಾಟ್ ಬಿಸಿನೀರು, ಒಂದು ಪಾಟ್ ಬಿಸಿಹಾಲು ಎಂದು ಬರೆದರೆ ಬರುತ್ತದೆ. ಚಿಕ್ಕ ಸ್ಟೀಲ್ ಫಿಲ್ಟರ್‌ನಲ್ಲಿ ವಿದ್ಯುತ್ ಭಾಗವೇ ಇಲ್ಲ. ಮೂರು ಚಮಚ ಕಾಫಿಪುಡಿ ಹಾಕಿ ಹಗುರವಾಗಿ ಒತ್ತಿ, ಸುಮಾರು 100 ಮಿಲಿಲೀಟರ್ ನೀರು ಸುರಿದು 20 ನಿಮಿಷ ಬಿಟ್ಟರೆ ಡಿಕಾಕ್ಷನ್ ಸಿದ್ಧ. ಹಡಗಿನವರು ಕೊಡುವ ನೀರುಕಾಫಿಯ ಮುಂದೆ ಇದು ಅಮೃತ. ಎಂಟಿಆರ್‌ನ ಬಿಸಿನೀರು ಹಾಕುವ ಉಪ್ಪಿಟ್ಟು, ಅವಲಕ್ಕಿಗಳ ಸೀಲಾದ ಪ್ಯಾಕೆಟ್ ಕೂಡ ಕೆಲಸಕ್ಕೆ ಬರುತ್ತವೆ. ಪಾಟ್‌ನ ನೀರು ಕ್ಯಾಬಿನ್ ಮುಟ್ಟುವ ಹೊತ್ತಿಗೆ ಕುದಿಯುವ ಬಿಸಿ ಕಳೆದುಕೊಂಡಿರುವುದರಿಂದ, ಪ್ಯಾಕೆಟ್ ಮೇಲೆ 3 ನಿಮಿಷ ಎಂದಿದ್ದರೆ ಮೇಲೆ ಸಾಸರ್ ಮುಚ್ಚಿ 7–8 ನಿಮಿಷ ಬಿಡಿ. ಇಲ್ಲವಾದರೆ ರವೆ ಹಲ್ಲಿಗೆ ಸಿಕ್ಕುತ್ತದೆ. ಮನೆಯಲ್ಲಿ ಮಾಡಿದ ಪುಳಿಯೋಗರೆ, ಚಪಾತಿ ಕಟ್ಟಿಕೊಂಡು ಹೋಗಬೇಡಿ, ಗೇಟಿನಲ್ಲೇ ನಿಲ್ಲಿಸಬಹುದು.

ಟ್ರೇ ಬರುವ ಮೊದಲು ಕ್ಯಾಬಿನ್ನಿನ ಪುಟ್ಟ ಮೇಜನ್ನು ಖಾಲಿ ಮಾಡಿ. ಬಾಲ್ಕನಿ ಬಾಗಿಲನ್ನು ಮುಚ್ಚಿದ ಮೇಲೇ ಮುಂಬಾಗಿಲು ತೆರೆಯಬೇಕು. ಎರಡೂ ಒಟ್ಟಿಗೆ ತೆರೆದರೆ ಸಮುದ್ರದ ಗಾಳಿ ಸುರಂಗದಂತೆ ನುಗ್ಗಿ, ಆ ಭಾರದ ಬಾಗಿಲು ರಪ್ಪನೆ ಬಡಿಯುತ್ತದೆ; ಮಕ್ಕಳ ಬೆರಳು ಸಿಕ್ಕರೆ ಕಥೆ ಮುಗಿಯಿತು. ಹಡಗು ಓಲಾಡುವ ದಿನ ಒಂದು ನ್ಯಾಪ್ಕಿನ್ನನ್ನು ಒದ್ದೆ ಮಾಡಿ ಹಿಂಡಿ ಹಾಸಿ, ಅದರ ಮೇಲೆ ಕಪ್ ಇಡಿ, ಜಾರುವುದಿಲ್ಲ. ಕಪ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಹೊಟ್ಟೆ ತೊಳಸುತ್ತಿದ್ದರೆ ಹಸಿರು ಸೇಬು, ಉಪ್ಪು ಬಿಸ್ಕತ್ತು ಕೇಳಿ. ಹಡಗಿನವರೇ ಹೇಳುವ ಮದ್ದು ಅದು. ವಾಂತಿ-ಭೇದಿ ಎರಡೂ ಶುರುವಾದರೆ ಮಾತ್ರ ರೂಮ್ ಸರ್ವೀಸ್‌ಗಿಂತ ಮೊದಲು ಹಡಗಿನ ವೈದ್ಯಕೀಯ ಕೇಂದ್ರಕ್ಕೆ ಫೋನ್ ಮಾಡಬೇಕು, ವಾಂತಿ-ಭೇದಿ ತರುವ ನೊರೊವೈರಸ್ ಸೋಂಕು ಇಡೀ ಹಡಗಿಗೆ ಹಬ್ಬಬಹುದು.

ಉಳಿದ ಹಣ್ಣನ್ನು ಬ್ಯಾಗಿಗೆ ಹಾಕಿಕೊಂಡು ದಡಕ್ಕೆ ಇಳಿಯಬೇಡಿ, ಎಷ್ಟೋ ಬಂದರುಗಳಲ್ಲಿ ಅದು ನಿಷಿದ್ಧ. ಖಾಲಿ ಟ್ರೇಯನ್ನು ಕಾರಿಡಾರ್‌ನಲ್ಲಿ ಇಡುವವರನ್ನು ನೋಡಿ ನೀವೂ ಇಡಬೇಡಿ. ಆ ಕಿರಿದಾದ ದಾರಿಯಲ್ಲಿ ಗಾಲಿಕುರ್ಚಿಯವರು ಸಾಗಬೇಕು, ತುರ್ತು ಹೊತ್ತಿನಲ್ಲಿ ಎಲ್ಲರೂ ಓಡಬೇಕು. ಫೋನಿನಲ್ಲಿ ಕ್ಯಾಬಿನ್ ಸಂಖ್ಯೆ ಹೇಳಿ ‘ಟ್ರೇ ಪಿಕಪ್’ ಎಂದರೆ ಬಂದು ಒಯ್ಯುತ್ತಾರೆ.