ಹೊಸಬರಿಗೆ: ಇಂಗ್ಲಿಷಿನ್ಯಾಗ ಅಂದದ್ದೊಂದು, ಅರ್ಥ ಇನ್ನೊಂದು

ಸುರಪುರ, ಆಳಂದ, ಚಿಂಚೋಳಿ ಕಡಿಂದ ಮಕ್ಕಳ ಸಾಲಿ ಸಲುವಾಗಿ ಕಲಬುರಗಿಗೆ ಬಂದು ಮನಿ ಮಾಡಿದವ್ರು ಸಂಘಕ್ಕ ಬಂದ್ರ ಬಾಡಗಿ, ನೀರು, ಬಸ್ ಪಾಸ್ ಎಲ್ಲಾ ಕೇಳ್ತಾರ, ಆದ್ರ ಸಾಲಿ ಡೈರಿ ಮಾತ್ರ ತೋರ್ಸಾಕ ನಾಚ್ಕೋತಾರ. ನಾಚ್ಕೋಬ್ಯಾಡ್ರಿ. ಹೋದ ವರ್ಷ ಒಬ್ಬ ತಾಯಿ ಡೈರಿ ತಂದಿದ್ರು, ಟೀಚರ್ 'ಪುಲ್ ಅಪ್ ಯುವರ್ ಸಾಕ್ಸ್' ಅಂತ ಬರ್ದಿದ್ರು, ಇವ್ರು ಅವತ್ತ ಸಂಜಿಗೇ ಸೂಪರ್ ಮಾರ್ಕೆಟಿಗೆ ಹೋಗಿ ಹೊಸಾ ಸಾಕ್ಸ್ ತಂದು ಮಣಕಾಲ್ ತನಕ ಎಳ್ದು ಕಳ್ಸಿದ್ರಂತ, ಹುಡುಗನ ಕಾಲಿನ್ಯಾಗ ಇಲಾಸ್ಟಿಕ್ ಗುರುತು ಕೆಂಪಗ ಮೂಡಿತ್ತು. ವಾರದ ಮ್ಯಾಲ ಮತ್ತ ಅದೇ ಮಾತು ಬಂತು. ಟೀಚರ್ ಹೇಳಿದ್ದು ಓದಿನ್ಯಾಗ ಜರಾ ಜೋರ್ ಮಾಡು, ಸುಧಾರಿಸ್ಕೋ ಅಂತ.

ಒಂದೊಂದೇ ಶಬ್ದ ಬಿಡ್ಸಿ ನೋಡ್ದಾಗ ಆ ಹೊತ್ತಿನ ಮಾತಿಗೆ ಕೂಡಲಿಲ್ಲ ಅಂದ್ರ ಅದು ನುಡಿಗಟ್ಟು ಅಂತ ತಿಳ್ಕೊಳ್ರಿ. ನಮ್ಮಲ್ಲೂ 'ಕೈ ಕೊಟ್ಟ', 'ತಲಿ ತಿನ್ಬ್ಯಾಡ' ಅಂತೀವಲ್ಲ, ಹಂಗೇ. ಇಲ್ಲೇ ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ, 9ನೇ ಶತಮಾನದಾಗ ನೃಪತುಂಗನ ಆಸ್ಥಾನದಾಗ ಹುಟ್ಟಿದ ಕವಿರಾಜಮಾರ್ಗದಾಗ ಉಪಮೆ, ರೂಪಕ ಎಲ್ಲಾ ಬಿಡ್ಸಿ ಹೇಳ್ಯಾರ, ಅಂಥಾ ನೆಲದವ್ರು ನಾವು, ಇಂಗ್ಲಿಷ್ ರೂಪಕಕ್ಕ ಯಾಕ ಅಂಜಬೇಕ್ರಿ?

'ಲೈಕ್', 'ಆ್ಯಸ್' ಇದ್ರ ಅದು ಹೋಲಿಕಿ, 'ಬ್ರೇವ್ ಆ್ಯಸ್ ಎ ಲಯನ್' ಅಂದ್ರ ಕೇಳಿದ ಕೂಡ್ಲೇ ತಿಳೀತದ. ಆ ಶಬ್ದ ಇಲ್ದಾಗೇ ತ್ರಾಸ. ಸಾಲಿಯಿಂದ ಫೋನ್ ಬಂದು ಹುಡುಗ 'ಅಂಡರ್ ದ ವೆದರ್' ಅಂದ್ರ ಬಿಸಲಾಗ ನಿಂತಾನ ಅಂತಲ್ಲ, ಮೈಯಾಗ ಹುಷಾರಿಲ್ಲ ಅಂತ, ಹೋಗಿ ಕರ್ಕೊಂಡು ಬರ್ರಿ. 'ಪೀಸ್ ಆಫ್ ಕೇಕ್' ಅಂದ್ರ ಭಾಳ ಸರಳ. ಗ್ಯಾದರಿಂಗ್ ದಿನ ನಾಟಕಕ್ಕ ಸ್ಟೇಜ್ ಹತ್ತೋ ಮಗೀಗಿ 'ಬ್ರೇಕ್ ಎ ಲೆಗ್' ಅಂದ್ರ ಶಾಪ ಅಲ್ರಿ, ಚೊಲೋ ಮಾಡು ಅಂತ ಹಾರೈಕಿ. 'ಬ್ರೇಕ್ ದ ಐಸ್' ಚಳಿ ದೇಶದ ಮಾತು, 42 ಡಿಗ್ರಿ ಬಿಸಲಾಗ ನಮಗೆಲ್ಲಿ ಬರ್ಫ, ಗುರ್ತಿಲ್ದವ್ರ ನಡುವ ಮೊದ್ಲ ಮಾತು ತಗಿಯೋದು ಅಂತ ಅರ್ಥ. 'ಪುಲ್ಲಿಂಗ್ ಯುವರ್ ಲೆಗ್' ಅಂತೂ ನಾವು ಕಾಲ್ ಎಳಿಯೋದೇ, ಚ್ಯಾಷ್ಟಿ.

ನಮ್ಮ ಮಾತು ಹಂಗೇ ಇಂಗ್ಲಿಷಿಗೆ ತಿರುಗಿಸ್ಬ್ಯಾಡ್ರಿ. ಮತ್ತೊಬ್ರ ಏಳ್ಗಿ ನೋಡಿ ಹೊಟ್ಟಿ ಉರೀತು ಅನ್ನೋದನ್ನ ಶಬ್ದಕ್ಕ ಶಬ್ದ ಹೇಳಿದ್ರ ಕೇಳಿದವ್ರು ಆ್ಯಸಿಡಿಟಿ ಗುಳಿಗಿ ಕೊಡ್ತಾರ, ಅವ್ರಲ್ಲಿ ಅದಕ್ಕ 'ಗ್ರೀನ್ ವಿತ್ ಎನ್ವಿ' ಅಂತಾರ.

ಮೊಬೈಲ್‌ನಾಗ ಹುಡುಕೋವಾಗ ಒಂದೇ ಶಬ್ದ ಹಾಕ್ಬ್ಯಾಡ್ರಿ, ಪೂರ್ತಿ ಸಾಲು ಹಾಕಿ ಕೊನಿಗೆ 'ಮೀನಿಂಗ್' ಅಂತ ಹೊಡೀರಿ. ಅಷ್ಟಕ್ಕೂ ತಿಳೀಲಿಲ್ಲಂದ್ರ ಡೈರಿಯಾಗ ಟೀಚರ್ ಬರ್ದದ್ದ್ರ ಕೆಳಗ 'ದಯವಿಟ್ಟು ಕನ್ನಡದಾಗ ಬರೀರಿ' ಅಂತ ಒಂದು ಸಾಲು ಬರ್ದು ಸಹಿ ಮಾಡಿ ಕಳ್ಸ್ರಿ.