ಗೇಮಿಂಗ್ ಕಂಪ್ಯೂಟರ್: ಒಂದಕ್ಕೊಂದು ಹೊಂದುವ ಭಾಗಗಳನ್ನು ಆಯ್ದುಕೊಳ್ಳುವುದು ಹೇಗೆ?

ಗೇಮಿಂಗ್ ಕಂಪ್ಯೂಟರನ್ನು ಮನೆಯಲ್ಲೇ ಜೋಡಿಸಿಕೊಳ್ಳಲು ಹೊರಡುವವರಲ್ಲಿ ಹೆಚ್ಚಿನವರು ಭಾಗಗಳ ಪಟ್ಟಿ ಬರೆಯುವ ಹಂತದಲ್ಲೇ ಎಡವುತ್ತಾರೆ. ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು ಎಂದು ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ವಿದ್ಯುತ್ ಪೂರೈಸುವ ಘಟಕ) ಮತ್ತು ಕ್ಯಾಬಿನೆಟ್ (ಭಾಗಗಳನ್ನು ಕೂರಿಸುವ ಹೊರಕವಚ) ಮಾತ್ರ ಕೈಯಲ್ಲಿ ಉಳಿದ ಹಣಕ್ಕೆ ಬಂದಷ್ಟೇ ಬರಲಿ ಎಂಬಂತೆ ಕೊನೆಗೆ ಸೇರಿಕೊಳ್ಳುತ್ತವೆ. ಹಾಗೆ ಜೋಡಿಸಿದ ಯಂತ್ರಗಳು ಆಟದ ನಡುವೆ ಇದ್ದಕ್ಕಿದ್ದಂತೆ ಆಫ್ ಆಗುವುದನ್ನೂ, ದುಬಾರಿ ಕಾರ್ಡು ಒಳಗೆ ಹಿಡಿಸದೆ ಪೆಟ್ಟಿಗೆಗೆ ಮರಳುವುದನ್ನೂ ನಾನು ಮತ್ತೆ ಮತ್ತೆ ಕಂಡಿದ್ದೇನೆ. ಇವೆಲ್ಲವೂ ಹಣ ಕೊಡುವ ಮೊದಲೇ, ಕಾಗದದ ಮೇಲೆ ತಪ್ಪಿಸಬಹುದಾದ ತೊಂದರೆಗಳು.

ಮೊದಲ ಹಂತ: ಮಾನಿಟರ್, ಬಳಿಕ ಗ್ರಾಫಿಕ್ಸ್ ಕಾರ್ಡ್

ಮಾನಿಟರ್ ಯಾವುದೆಂದು ತೀರ್ಮಾನವಾಗದೆ ಗ್ರಾಫಿಕ್ಸ್ ಕಾರ್ಡನ್ನು ಆಯ್ದುಕೊಳ್ಳಬಾರದು. 1920×1080ರ ಪರದೆಯಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್‌ಗಳಿದ್ದರೆ, 2560×1440ರ ಪರದೆಯಲ್ಲಿ ಸುಮಾರು 37 ಲಕ್ಷ ಮತ್ತು 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಪಿಕ್ಸೆಲ್‌ಗಳು ಹೆಚ್ಚಿದಂತೆ ಗ್ರಾಫಿಕ್ಸ್ ಕಾರ್ಡಿನ ಹೊರೆ ಏರುತ್ತದೆ. ಚಿಕ್ಕ ಪರದೆಯಲ್ಲಿ ಸೆಕೆಂಡಿಗೆ 200ಕ್ಕೂ ಹೆಚ್ಚು ಫ್ರೇಮ್‌ಗಳನ್ನು ಬಯಸಿದರೆ ಹೊರೆ ಪ್ರೊಸೆಸರ್ ಕಡೆಗೆ ವಾಲುತ್ತದೆ. 1440ರ ಪರದೆಗೆ 12 ಜಿಬಿಗಿಂತ ಕಡಿಮೆ ಮೆಮೊರಿಯ ಹೊಸ ಕಾರ್ಡನ್ನು ಕೊಳ್ಳಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಆದರೆ ಮೆಮೊರಿ ಹೆಚ್ಚಿದ್ದ ಮಾತ್ರಕ್ಕೆ ಕಾರ್ಡು ವೇಗದ್ದಾಗುವುದಿಲ್ಲ. 2014ರಲ್ಲಿ ಬಂದ ಜಿಟಿ 730 ಕಾರ್ಡಿಗೆ 4 ಜಿಬಿ ಮೆಮೊರಿ ಸೇರಿಸಿ ‘ಗೇಮಿಂಗ್ ಕಾರ್ಡ್’ ಎಂದು ಮಾರುವುದುಂಟು. ಅಂಥದ್ದರ ಹತ್ತಿರವೂ ಹೋಗಬಾರದು.

ಹಳೆಯ ಮದರ್‌ಬೋರ್ಡಿಗೆ (ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಹಲಗೆ) ಹೊಸ ಕಾರ್ಡು ಹಾಕುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಕಾರ್ಡನ್ನು ಬೋರ್ಡಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಎಂಬ ವ್ಯವಸ್ಥೆಯ ಹೊಸ ಪೀಳಿಗೆಯ ಕಾರ್ಡು ಹಳೆಯ ಪೀಳಿಗೆಯ ಸ್ಲಾಟಿನಲ್ಲಿ ಕೆಲಸ ಮಾಡುತ್ತದೆ ಎಂಬುದು ನಿಜ. ಆದರೆ ಕೆಲವು ಅಗ್ಗದ ಕಾರ್ಡುಗಳು 16 ಲೇನ್‌ಗಳ (ದತ್ತಾಂಶ ಸಾಗುವ ದಾರಿಗಳ) ಸ್ಲಾಟಿನಲ್ಲಿ ಕುಳಿತರೂ ಬಳಸುವುದು 8 ಅಥವಾ 4 ಲೇನ್‌ಗಳನ್ನು ಮಾತ್ರ. ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡಿಗೆ ಇರುವುದು 4 ಲೇನ್‌ಗಳು, 3.0 ಪೀಳಿಗೆಯ ಬೋರ್ಡಿನಲ್ಲಿ ಅದರ ವೇಗ ಎದ್ದು ಕಾಣುವಷ್ಟು ಕುಸಿಯುತ್ತದೆ.

ಎರಡನೇ ಹಂತ: ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಇವೆರಡನ್ನೂ ಒಂದೇ ನಿರ್ಧಾರವೆಂದು ಭಾವಿಸುವುದು ಒಳ್ಳೆಯದು. ಎಎಂಡಿ ಕಂಪನಿಯ ರೈಜನ್ 5000ರವರೆಗಿನ ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಎಎಂ4 ಎಂಬ ಸಾಕೆಟ್ಟಿಗೆ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಸೇರಿದವು. 2022ರಲ್ಲಿ ಬಂದ 7000 ಸರಣಿ ಮತ್ತು ಅದರ ನಂತರದವು ಎಎಂ5 ಸಾಕೆಟ್ಟಿಗೆ ಸೇರಿದವು. ಇಂಟೆಲ್‌ನ 12, 13 ಮತ್ತು 14ನೇ ಪೀಳಿಗೆಗಳಿಗೆ ಎಲ್‌ಜಿಎ 1700 ಸಾಕೆಟ್ ಬೇಕು. 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಎಲ್‌ಜಿಎ 1851 ಬೇಕು.

ಸಾಕೆಟ್ ಹೊಂದಿತೆಂದರೆ ಕೆಲಸ ಮುಗಿಯಿತು ಎಂದು ತಿಳಿಯಬಾರದು. ಎಲ್‌ಜಿಎ 1151 ಎಂಬ ಒಂದೇ ಹೆಸರಿನ ಸಾಕೆಟ್ಟನ್ನು ಇಂಟೆಲ್ ನಾಲ್ಕು ಪೀಳಿಗೆಗಳಿಗೆ ಬಳಸಿತ್ತು. ಆದರೂ 6 ಮತ್ತು 7ನೇ ಪೀಳಿಗೆಗಳಿಗಾಗಿ ಬಂದ ಬೋರ್ಡುಗಳಲ್ಲಿ 8ನೇ ಪೀಳಿಗೆಯ ಪ್ರೊಸೆಸರ್ ನಡೆಯುವುದಿಲ್ಲ. ಹಳೆಯ ಭಾಗಗಳನ್ನು ಕೊಳ್ಳುವವರು ಇಲ್ಲಿಯೇ ಮೋಸ ಹೋಗುತ್ತಾರೆ. ಹೊಸದನ್ನು ಕೊಳ್ಳುವವರನ್ನು ಕಾಡುವುದು ಬಯೋಸ್, ಅಂದರೆ ಯಂತ್ರ ಶುರುವಾಗುವಾಗ ಭಾಗಗಳನ್ನು ಗುರುತಿಸುವ, ಬೋರ್ಡಿನೊಳಗಿನ ತಂತ್ರಾಂಶ. ಎಎಂ5 ಸಾಕೆಟ್ಟಿನ ಬಿ650 ಬೋರ್ಡು ರೈಜನ್ 9000 ಸರಣಿಯನ್ನು ನಡೆಸಬಲ್ಲದು, ಆದರೆ ಅಂಗಡಿಯಲ್ಲಿ ಬಹಳ ಕಾಲ ಕುಳಿತಿದ್ದ ಬೋರ್ಡಿನಲ್ಲಿ ಆ ಪ್ರೊಸೆಸರನ್ನು ಗುರುತಿಸದ ಹಳೆಯ ಬಯೋಸ್ ಇರಬಹುದು. ಬೋರ್ಡಿನ ತಯಾರಕರ ಜಾಲತಾಣದಲ್ಲಿ ಪ್ರತಿ ಪ್ರೊಸೆಸರಿನ ಎದುರಿಗೆ ಯಾವ ಬಯೋಸ್ ಆವೃತ್ತಿಯಿಂದ ಅದು ನಡೆಯುತ್ತದೆ ಎಂಬ ಪಟ್ಟಿ ಇರುತ್ತದೆ. ಅದನ್ನು ನೋಡದೆ ಬೋರ್ಡು ಕೊಳ್ಳಬಾರದು. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯೋಸ್ ಬದಲಿಸಲು ಹಿಂಭಾಗದಲ್ಲಿ ಗುಂಡಿಯಿರುವ ಬೋರ್ಡುಗಳಿವೆ. ನಾನಾದರೆ ಆ ಗುಂಡಿಯಿಲ್ಲದ ಬೋರ್ಡನ್ನು ಶಿಫಾರಸು ಮಾಡುವುದಿಲ್ಲ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಪ್ರೊಸೆಸರ್‌ಗಳು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜಿನಿಂದ ಅಸ್ಥಿರವಾಗುತ್ತಿದ್ದ ದೋಷಕ್ಕೆ ಕಂಪನಿ 2024ರಲ್ಲಿ ಬಯೋಸ್ ಮೂಲಕವೇ ಪರಿಹಾರ ನೀಡಿತು. ಆದ್ದರಿಂದ ಅಂಥ ಪ್ರೊಸೆಸರ್ ಕೊಂಡವರು ಆಟ ಆರಂಭಿಸುವ ಮೊದಲು ಬಯೋಸ್ ನವೀಕರಿಸಲೇಬೇಕು.

ಹೆಸರಿನ ಕೊನೆಯ ಅಕ್ಷರಗಳನ್ನೂ ಓದಿ. ಇಂಟೆಲ್ ಪ್ರೊಸೆಸರಿನ ಹೆಸರಿನಲ್ಲಿ ‘ಎಫ್’ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ, ಅಂದರೆ ಗ್ರಾಫಿಕ್ಸ್ ಕಾರ್ಡ್ ಬರುವವರೆಗೆ ಪರದೆಯಲ್ಲಿ ಏನೂ ಮೂಡುವುದಿಲ್ಲ. ‘ಕೆ’ ಎಂದಿರುವ ಪ್ರೊಸೆಸರನ್ನು ಬಿ760 ಬೋರ್ಡಿನಲ್ಲಿ ಹಾಕಿದರೆ ನಡೆಯುತ್ತದೆ, ಆದರೆ ಯಾವ ಓವರ್‌ಕ್ಲಾಕಿಂಗ್‌ಗಾಗಿ (ನಿಗದಿತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು) ಹೆಚ್ಚು ಹಣ ಕೊಟ್ಟಿರೋ ಅದನ್ನು ಆ ಬೋರ್ಡು ಮಾಡಗೊಡುವುದಿಲ್ಲ.

ಮೂರನೇ ಹಂತ: ರ‍್ಯಾಮ್

ರ‍್ಯಾಮ್‌ನ ಎರಡು ಪೀಳಿಗೆಗಳಾದ ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್‌ಗಳಿದ್ದರೂ ಕೆಳಗಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದು ಮತ್ತೊಂದರ ಸ್ಲಾಟಿನಲ್ಲಿ ಕೂರುವುದಿಲ್ಲ. ಎಎಂ5 ಮತ್ತು ಎಲ್‌ಜಿಎ 1851 ಬೋರ್ಡುಗಳಿಗೆ ಡಿಡಿಆರ್5 ಮಾತ್ರ ಆಗುತ್ತದೆ. ಎಲ್‌ಜಿಎ 1700ರಲ್ಲಿ ಎರಡೂ ಬಗೆಯ ಬೋರ್ಡುಗಳಿರುವುದರಿಂದ ಪೂರ್ತಿ ಹೆಸರನ್ನು ಓದಿಯೇ ಕೊಳ್ಳಬೇಕು. ಒಂದೇ ಪೆಟ್ಟಿಗೆಯಲ್ಲಿ ಬರುವ ಎರಡು ಸ್ಟಿಕ್‌ಗಳನ್ನು ಕೊಳ್ಳಿ, ನಾಲ್ಕು ಬೇಡ. ರೈಜನ್ 7000 ಸರಣಿಗೆ ಎರಡು ಸ್ಟಿಕ್‌ಗಳಿದ್ದಾಗ ಅಧಿಕೃತ ವೇಗ 5200 ಎಂಟಿ/ಎಸ್ (ಸೆಕೆಂಡಿಗೆ ಇಷ್ಟು ದಶಲಕ್ಷ ವರ್ಗಾವಣೆಗಳು). ನಾಲ್ಕು ಹಾಕಿದರೆ ಅದು 3600ಕ್ಕೆ ಇಳಿಯುತ್ತದೆ. ಈಗ 16 ಜಿಬಿ ಕೊಂಡು ಮುಂದೆ ಇನ್ನೆರಡು ಸೇರಿಸೋಣ ಎಂಬ ಲೆಕ್ಕಾಚಾರ ಡಿಡಿಆರ್5ರಲ್ಲಿ ನಷ್ಟದ್ದೇ ಆಗಿರುವುದರಿಂದ ಮೊದಲೇ 32 ಜಿಬಿಯ ಜೋಡಿಯನ್ನು ತರುವುದು ಮೇಲು. ಪೆಟ್ಟಿಗೆಯ ಮೇಲೆ ಬರೆದ ವೇಗ ತಾನಾಗಿ ಸಿಗುವುದಿಲ್ಲ, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಎಂಬ ಪ್ರೊಫೈಲನ್ನು ಆನ್ ಮಾಡಬೇಕು.

ನಾಲ್ಕನೇ ಹಂತ: ಎಸ್‌ಎಂಪಿಎಸ್

ಅತಿ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾಗಿರುವ ಭಾಗ ಇದು. ಬೇರೆ ಭಾಗ ಹೊಂದದಿದ್ದರೆ ಯಂತ್ರ ಶುರುವಾಗದೆ ಉಳಿಯಬಹುದು. ಕೆಟ್ಟ ಎಸ್‌ಎಂಪಿಎಸ್ ತಾನು ಹಾಳಾಗುವಾಗ ತನಗೆ ಜೋಡಿಸಿದ ಭಾಗಗಳನ್ನೂ ಸುಡಬಹುದು. ಆದ್ದರಿಂದ ಇಲ್ಲಿ ಅವಸರ ಸಲ್ಲದು.

ಮೊದಲು ಎಷ್ಟು ವ್ಯಾಟ್ ಬೇಕೆಂದು ಲೆಕ್ಕ ಹಾಕಬೇಕು. ಆರ್‌ಟಿಎಕ್ಸ್ 5070 ಕಾರ್ಡಿನ ಬಳಕೆ 250 ವ್ಯಾಟ್. 65 ವ್ಯಾಟ್ ಎಂದು ಬರೆದಿರುವ ಎಎಂ5 ಪ್ರೊಸೆಸರ್ ಪೂರ್ಣ ಹೊರೆಯಲ್ಲಿ 88 ವ್ಯಾಟ್‌ವರೆಗೆ ಎಳೆಯುತ್ತದೆ. ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನೇ ನಂಬಿದರೆ ಲೆಕ್ಕ ತಪ್ಪುವುದು ಇಲ್ಲಿಯೇ. ಇಂಟೆಲ್ ಕೋರ್ ಐ9 14900ಕೆ ಪ್ರೊಸೆಸರಿನಲ್ಲಿ ಈ ಅಂತರ ಇನ್ನೂ ದೊಡ್ಡದು: ಮೂಲ ಸಂಖ್ಯೆ 125, ಗರಿಷ್ಠ 253. ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆಲ್ಲ ಸೇರಿ 60 ವ್ಯಾಟ್ ಹಿಡಿದರೆ ಮೊದಲ ಉದಾಹರಣೆಯ ಮೊತ್ತ ಸುಮಾರು 400 ಆಗುತ್ತದೆ. ಹಾಗೆಂದು 450 ವ್ಯಾಟಿನದನ್ನು ತರುವಂತಿಲ್ಲ. ಗ್ರಾಫಿಕ್ಸ್ ಕಾರ್ಡು ಸೆಕೆಂಡಿನ ಅತಿ ಸಣ್ಣ ಭಾಗದಷ್ಟು ಹೊತ್ತು ತನ್ನ ಸರಾಸರಿಗಿಂತ ಬಹಳ ಹೆಚ್ಚು ವಿದ್ಯುತ್ತನ್ನು ಎಳೆಯುವುದರಿಂದ, ಆ ಏರಿಕೆಯನ್ನು ತಾಳಲಾರದ ಎಸ್‌ಎಂಪಿಎಸ್ ತನ್ನ ರಕ್ಷಣೆಗಾಗಿ ಇಡೀ ಯಂತ್ರವನ್ನು ಆಫ್ ಮಾಡಿಬಿಡುತ್ತದೆ. ಈ ಉದಾಹರಣೆಗೆ 650 ವ್ಯಾಟ್ ಸರಿಯಾದ ಆಯ್ಕೆ. 2022ರಲ್ಲಿ ಬಂದ, ಎಸ್‌ಎಂಪಿಎಸ್‌ಗಳಿಗಾಗಿರುವ ಎಟಿಎಕ್ಸ್ 3.0 ಮಾನದಂಡ ಇಂಥ ಕ್ಷಣಿಕ ಏರಿಕೆಗಳನ್ನು ತಾಳಿಕೊಳ್ಳುವುದನ್ನೇ ಪರೀಕ್ಷಿಸುತ್ತದೆ. ಹೊಸದಾಗಿ ಕೊಳ್ಳುವವರು 3.0 ಅಥವಾ 3.1 ಎಂದಿರುವುದನ್ನೇ ಕೊಳ್ಳಲಿ.

ಮುಂದಿನದು, ಬದಿಯಲ್ಲಿ ಅಂಟಿಸಿರುವ ಲೇಬಲ್ಲನ್ನು ಓದುವುದು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಬಹುತೇಕ 12 ವೋಲ್ಟಿನ ಸಾಲಿನಿಂದಲೇ ವಿದ್ಯುತ್ ಪಡೆಯುತ್ತವೆ. ಲೇಬಲ್ಲಿನಲ್ಲಿ 12 ವೋಲ್ಟಿನ ಕೆಳಗೆ 54 ಆಂಪಿಯರ್ ಎಂದಿದ್ದರೆ, 12ನ್ನು 54ರಿಂದ ಗುಣಿಸಿದಾಗ 648 ವ್ಯಾಟ್ ಬರುತ್ತದೆ. 650 ಎಂದು ಹೇಳಿಕೊಳ್ಳುವ ಆ ಘಟಕ ಪ್ರಾಮಾಣಿಕವಾದದ್ದು. ದೊಡ್ಡ ಅಕ್ಷರಗಳಲ್ಲಿ 500 ಎಂದು ಬರೆದುಕೊಂಡು, ಅದೇ ಜಾಗದಲ್ಲಿ 20 ಆಂಪಿಯರ್ ಎಂದು ತೋರಿಸುವ ಘಟಕ ಕೊಡಬಲ್ಲದ್ದು 240 ವ್ಯಾಟ್ ಮಾತ್ರ. ಕ್ಯಾಬಿನೆಟ್ಟಿನ ಜೊತೆಗೆ ಉಚಿತವಾಗಿ ಬರುವ ಎಸ್‌ಎಂಪಿಎಸ್‌ಗಳಲ್ಲಿ ಇಂಥವು ಹೇರಳವಾಗಿವೆ, ಅವನ್ನು ಗೇಮಿಂಗ್ ಯಂತ್ರಕ್ಕೆ ಬಳಸಲೇಬೇಡಿ. 80 ಪ್ಲಸ್ ಎಂಬ ಮುದ್ರೆ ಹೇಳುವುದು ವಿದ್ಯುತ್ ಎಷ್ಟು ವ್ಯರ್ಥವಾಗುತ್ತದೆ ಎಂಬುದನ್ನು ಮಾತ್ರ. ಗೋಲ್ಡ್ ದರ್ಜೆ ಒಳ್ಳೆಯದೇ ಆದರೂ ಒಳಗಿನ ಬಿಡಿಭಾಗಗಳ ಗುಣಮಟ್ಟಕ್ಕೆ ಅದು ಖಾತರಿಯಲ್ಲ. ಘಟಕವನ್ನು ಬಿಚ್ಚಿ, ಹೊರೆ ಹಾಕಿ ಪರೀಕ್ಷಿಸಿದವರ ವಿಮರ್ಶೆಯನ್ನು ಓದಬೇಕು.

ಕೊನೆಯದಾಗಿ ಕೇಬಲ್‌ಗಳು. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ 75 ವ್ಯಾಟ್ ಕೊಡಬಲ್ಲದು, 8 ಪಿನ್‌ಗಳ ಪ್ರತಿ ಪಿಸಿಐ ಎಕ್ಸ್‌ಪ್ರೆಸ್ ಕನೆಕ್ಟರ್ 150 ವ್ಯಾಟ್ ಕೊಡಬಲ್ಲದು. ಕಾರ್ಡಿನಲ್ಲಿ ಇಂಥ ಎರಡು ಕಿಂಡಿಗಳಿದ್ದರೆ ಎಸ್‌ಎಂಪಿಎಸ್‌ನಿಂದ ಎರಡು ಪ್ರತ್ಯೇಕ ಕೇಬಲ್‌ಗಳನ್ನೇ ಎಳೆಯಬೇಕು. ಒಂದೇ ಕೇಬಲ್ಲಿನ ತುದಿಯಲ್ಲಿ ಕವಲೊಡೆದ ಎರಡನೆಯ ಕನೆಕ್ಟರನ್ನು ಚುಚ್ಚುವುದು ಕೆಲಸ ತಪ್ಪಿಸುವ ದಾರಿ, ಹೆಚ್ಚು ವಿದ್ಯುತ್ ಎಳೆಯುವ ಕಾರ್ಡಿಗೆ ಅದು ಸಲ್ಲದು. ಪ್ರೊಸೆಸರಿನ 8 ಪಿನ್‌ಗಳ ಕನೆಕ್ಟರ್ ನೋಡಲು ಇದರಂತೆಯೇ ಇದ್ದರೂ ತಂತಿಗಳ ಕ್ರಮ ಬೇರೆ. ಸಾಮಾನ್ಯವಾಗಿ ಪ್ರೊಸೆಸರಿನದು ನಾಲ್ಕು–ನಾಲ್ಕಾಗಿಯೂ, ಕಾರ್ಡಿನದು ಆರು–ಎರಡಾಗಿಯೂ ಬಿಡಿಸಿಕೊಳ್ಳುತ್ತದೆ. ಬಲವಂತದಿಂದ ಒಂದನ್ನು ಇನ್ನೊಂದರ ಜಾಗಕ್ಕೆ ತುರುಕಬಾರದು. ಹಾರ್ಡ್‌ಡಿಸ್ಕ್‌ನಂಥವುಗಳಿಗೆಂದು ಇರುವ ಸಾಟಾ ಕೇಬಲ್ಲಿನಿಂದ ಕಾರ್ಡಿಗೆ ವಿದ್ಯುತ್ ಕೊಡುವ ಅಗ್ಗದ ಅಡಾಪ್ಟರ್‌ಗಳು ಕರಗಿ ಬೆಂಕಿಗೆ ಕಾರಣವಾಗಬಲ್ಲವು. ಹೊಸ ಕಾರ್ಡುಗಳ 16 ಪಿನ್‌ಗಳ ಕನೆಕ್ಟರ್ 600 ವ್ಯಾಟ್‌ವರೆಗೆ ಹೊರುತ್ತದೆ; ಅದು ಪೂರ್ತಿ ಒಳಗೆ ಕೂರದಿದ್ದಾಗ ಕರಗಿದ ಪ್ರಕರಣಗಳು ನಡೆದಿವೆ. ಕನೆಕ್ಟರಿಗೂ ಕಾರ್ಡಿಗೂ ನಡುವೆ ಕೂದಲೆಳೆಯಷ್ಟೂ ಸಂದು ಕಾಣದಂತೆ ಒತ್ತಿ, ಅದರ ಬುಡದಲ್ಲೇ ಕೇಬಲ್ ಬಾಗಿಸದೆ ಮೂರ್ನಾಲ್ಕು ಸೆಂಟಿಮೀಟರ್ ನೇರವಾಗಿ ಬಿಡಬೇಕು.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಕೇಬಲ್ ಬಿಚ್ಚಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್‌ಗಳ ಕೇಬಲ್‌ಗಳು ಒಂದರದ್ದು ಇನ್ನೊಂದಕ್ಕೆ ಆಗುತ್ತವೆಂದು ಭಾವಿಸಬೇಡಿ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟೇಜ್ ಎಂಬುದಕ್ಕೆ ಸಾಮಾನ್ಯ ನಿಯಮವಿಲ್ಲ, ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಅದು ಬೇರೆಯಾಗಿರಬಹುದು. ಹಳೆಯ ಘಟಕವನ್ನು ತೆಗೆದು ಹೊಸದನ್ನು ಹಾಕುವಾಗ ಹಳೆಯ ಕೇಬಲ್‌ಗಳನ್ನೇ ಉಳಿಸಿಕೊಂಡವರ ಹಾರ್ಡ್‌ಡಿಸ್ಕ್‌ಗಳು ಸ್ವಿಚ್ ಒತ್ತಿದ ಕ್ಷಣದಲ್ಲೇ ಸುಟ್ಟುಹೋಗಿವೆ. ಎಸ್‌ಎಂಪಿಎಸ್ ಬದಲಿಸಿದರೆ ಕೇಬಲ್‌ಗಳನ್ನೂ ಪೂರ್ತಿಯಾಗಿ ಬದಲಿಸಲೇಬೇಕು.

ಐದನೇ ಹಂತ: ಕ್ಯಾಬಿನೆಟ್ ಮತ್ತು ಕೂಲರ್

ಎಟಿಎಕ್ಸ್ ಬೋರ್ಡಿನ ಅಳತೆ 305×244 ಮಿ.ಮೀ., ಮೈಕ್ರೊ ಎಟಿಎಕ್ಸ್ ಬೋರ್ಡಿನದು ಗರಿಷ್ಠ 244×244, ಮಿನಿ ಐಟಿಎಕ್ಸ್ ಬೋರ್ಡಿನದು 170×170. ಚಿಕ್ಕ ಬೋರ್ಡು ದೊಡ್ಡ ಕ್ಯಾಬಿನೆಟ್ಟಿನಲ್ಲಿ ಸಾಮಾನ್ಯವಾಗಿ ಕೂರುತ್ತದೆ, ದೊಡ್ಡದು ಚಿಕ್ಕದರಲ್ಲಿ ಕೂರುವುದಿಲ್ಲ. ಇದು ಬಹುಮಂದಿಗೆ ಗೊತ್ತಿದೆ. ಗೊತ್ತಿಲ್ಲದಿರುವುದು ಗ್ರಾಫಿಕ್ಸ್ ಕಾರ್ಡಿನ ಉದ್ದದ ಲೆಕ್ಕ. ಕ್ಯಾಬಿನೆಟ್ಟಿನ ವಿವರದಲ್ಲಿ 360 ಮಿ.ಮೀ. ಕಾರ್ಡು ಹಿಡಿಸುತ್ತದೆ ಎಂದಿರುತ್ತದೆ. ಮುಂಭಾಗದಲ್ಲಿ ಲಿಕ್ವಿಡ್ ಕೂಲರಿನ ರೇಡಿಯೇಟರ್ ಹಾಕಿದರೆ ಅದರ ದಪ್ಪ ಸುಮಾರು 27 ಮಿ.ಮೀ., ಫ್ಯಾನಿನ ದಪ್ಪ 25 ಮಿ.ಮೀ., ಒಟ್ಟು 52 ಮಿ.ಮೀ. ಕಳೆದು ಉಳಿಯುವುದು 308 ಮಾತ್ರ. 320 ಮಿ.ಮೀ. ಉದ್ದದ ಕಾರ್ಡು ಅಲ್ಲಿ ಕೂರುವುದಿಲ್ಲ. ಕಾರ್ಡಿನ ಅಗಲವನ್ನೂ ನೋಡಬೇಕು, ಏಕೆಂದರೆ ಪಕ್ಕದ ಗಾಜಿಗೂ ಕಾರ್ಡಿಗೂ ನಡುವೆ ವಿದ್ಯುತ್ ಕೇಬಲ್ ಬಾಗದೆ ನಿಲ್ಲಲು ಜಾಗ ಬೇಕು. ಮುಂಭಾಗ ಪೂರ್ತಿ ಗಾಜಿನಿಂದ ಮುಚ್ಚಿ, ಗಾಳಿಗೆ ಬೇರೆ ದಾರಿಯನ್ನೂ ಬಿಡದ ಕ್ಯಾಬಿನೆಟ್ ಎಷ್ಟೇ ಚೆಂದವಿರಲಿ, ನನ್ನ ಮಟ್ಟಿಗೆ ಅದು ಗೇಮಿಂಗಿಗೆ ತಕ್ಕದ್ದಲ್ಲ.

ಗೋಪುರದಂಥ ಏರ್ ಕೂಲರ್‌ಗಳಲ್ಲಿ ದೊಡ್ಡವು 155ರಿಂದ 165 ಮಿ.ಮೀ. ಎತ್ತರ ಇರುತ್ತವೆ; ಕ್ಯಾಬಿನೆಟ್ ಎಷ್ಟು ಎತ್ತರಕ್ಕೆ ಜಾಗ ಕೊಡುತ್ತದೆ ಎಂಬುದನ್ನೂ, ಕೂಲರಿನ ಮುಂದಿನ ಫ್ಯಾನ್ ಎತ್ತರದ ರ‍್ಯಾಮ್‌ಗೆ ತಾಗುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಎಲ್‌ಜಿಎ 1200 ಬೋರ್ಡಿನಲ್ಲಿ ಕೂಲರಿನ ರಂಧ್ರಗಳ ನಡುವಿನ ಅಂತರ 75 ಮಿ.ಮೀ. ಇದ್ದರೆ 1700ರಲ್ಲಿ ಅದು 78 ಮಿ.ಮೀ., ಆದ್ದರಿಂದ ಹಳೆಯ ಕೂಲರಿಗೆ ಹೊಸ ಬ್ರ್ಯಾಕೆಟ್ ಬೇಕಾಗುತ್ತದೆ.

ಕೊನೆಯ ಹಂತ: ಎಸ್‌ಎಸ್‌ಡಿ ಮತ್ತು ಖರೀದಿ

ಆಟಗಳನ್ನು ಸಂಗ್ರಹಿಸಿಡಲು 2280 ಅಳತೆಯ (22 ಮಿ.ಮೀ. ಅಗಲ, 80 ಮಿ.ಮೀ. ಉದ್ದ) ಎನ್‌ವಿಎಂಇ ಎಸ್‌ಎಸ್‌ಡಿ, ಅಂದರೆ ಬೋರ್ಡಿನ ಎಂ.2 ಸ್ಲಾಟಿನಲ್ಲಿ ಕೂರುವ ವೇಗದ ಶೇಖರಣಾ ಸಾಧನ, ಸಾಕು. ಕೆಲವು ಬೋರ್ಡುಗಳಲ್ಲಿ ಎರಡನೆಯ ಎಂ.2 ಸ್ಲಾಟ್ ಬಳಸಿದರೆ ಒಂದೆರಡು ಸಾಟಾ ಕಿಂಡಿಗಳು ಕೆಲಸ ನಿಲ್ಲಿಸುತ್ತವೆ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಬೋರ್ಡಿನಲ್ಲಿ ವೈಫೈ ಇದೆಯೇ, ಕ್ಯಾಬಿನೆಟ್ಟಿನ ಮುಂಭಾಗದ ಟೈಪ್ ಸಿ ಕಿಂಡಿಗೆ ಬೇಕಾದ ಹೆಡರ್ (ಬೋರ್ಡಿನ ಮೇಲಿನ ಕನೆಕ್ಟರ್) ಇದೆಯೇ ಎಂಬುದನ್ನೂ ಇದೇ ಹೊತ್ತಿನಲ್ಲಿ ಪರಿಶೀಲಿಸಬಹುದು. ಪಟ್ಟಿ ಸಿದ್ಧವಾದ ಮೇಲೆ ಎಲ್ಲ ಭಾಗಗಳನ್ನೂ ಒಟ್ಟಿಗೆ ತರಿಸಿ. ರಿಯಾಯಿತಿಯ ಆಸೆಗೆ ರ‍್ಯಾಮನ್ನು ಈ ತಿಂಗಳು, ಬೋರ್ಡನ್ನು ಮುಂದಿನ ತಿಂಗಳು ಎಂದು ಕೊಂಡರೆ, ರ‍್ಯಾಮ್ ಕೆಟ್ಟಿದೆಯೆಂದು ತಿಳಿಯುವಷ್ಟರಲ್ಲಿ ಅದನ್ನು ಹಿಂದಿರುಗಿಸುವ ಅವಧಿ ಮುಗಿದಿರುತ್ತದೆ.