ಕಾಫಿ ತೋಟದ ದಾರಿಯಲ್ಲಿ ನಾಯಿಯೊಂದಿಗೆ: ನೆರಳನ್ನು ನಂಬಿ ಹೊರಡುವ ಮುನ್ನ

ಕೊಡಗಿನಲ್ಲಿ ನಾಯಿಯನ್ನು ಕರೆದುಕೊಂಡು ನಡೆಯಲು ತೋಟದ ಜೀಪು ದಾರಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ, ನಂದಿ ಮರಗಳು, ಅವುಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ. ನಡುಮಧ್ಯಾಹ್ನವೂ ಬಿಸಿಲು ನೆಲ ಮುಟ್ಟುವುದು ಅಷ್ಟಕ್ಕಷ್ಟೆ. ಟಾರು ರಸ್ತೆಯಲ್ಲಿ ಸುಡುವ ಪಾದಕ್ಕೆ ಇಲ್ಲಿ ತರಗೆಲೆಯ ಹಾಸು. ಆದರೆ ಜಿಗಣೆ, ಉಣ್ಣೆಹುಳ, ಹಾವು, ಆನೆಗಳಿಗೂ ಬೇಕಿರುವುದು ಇದೇ ನೆರಳು. ನಾಯಿಗೆ ಬಿಸಿಲಿನ ಹೊಡೆತ ತಟ್ಟುವುದಿಲ್ಲ ಎಂದು ನಾವು ಮೈಮರೆಯುವುದೂ ಇದೇ ನೆರಳಿನಲ್ಲಿ.

ಎಲ್ಲಿ ನಡೆಯಬಹುದು, ಎಲ್ಲಿ ಬೇಡ

ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ಪುಷ್ಪಗಿರಿ ಮತ್ತು ತಲಕಾವೇರಿ ವನ್ಯಜೀವಿಧಾಮಗಳ ಒಳಗೆ ಸಾಕುನಾಯಿಯನ್ನು ಒಯ್ಯುವ ಯೋಚನೆಯನ್ನೇ ಬಿಡಿ. ತಡಿಯಂಡಮೋಳ್‌ನಂಥ ಅರಣ್ಯ ಇಲಾಖೆಯ ಚಾರಣದ ದಾರಿಗಳೂ ನಾಯಿಗಲ್ಲ. ಗೇಟಿನಲ್ಲಿ ತಡೆಯುತ್ತಾರೆ ಎಂಬುದಷ್ಟೇ ಕಾರಣವಲ್ಲ. ನಾಯಿಗಳ ಡಿಸ್ಟೆಂಪರ್ ರೋಗ ಸೀಳುನಾಯಿ, ಚಿರತೆ, ಹುಲಿಗಳಿಗೂ ಹರಡುತ್ತದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಸಿಂಹಗಳು ಸತ್ತಾಗ ಸಿಕ್ಕಿದ್ದು ಇದೇ ವೈರಸ್.

ಉಳಿದದ್ದು ತೋಟ, ಊರ ದಾರಿ, ಗದ್ದೆ ಬದು. ತೋಟ ಎಷ್ಟೇ ತೆರೆದಂತೆ ಕಂಡರೂ ಖಾಸಗಿ ಜಾಗ. ಹೋಂಸ್ಟೇಯಲ್ಲಿ ಉಳಿದಿದ್ದರೆ ಯಾವ ದಾರಿಯವರೆಗೆ ಅವರ ತೋಟ, ಎಲ್ಲಿಂದ ಪಕ್ಕದವರದು ಎಂದು ಕೇಳಿಕೊಳ್ಳಿ. ದಾರಿಯಲ್ಲಿ ದೇವರಕಾಡು ಸಿಕ್ಕರೆ ಹೊರಗಿನಿಂದಲೇ ಬಳಸಿಕೊಂಡು ಹೋಗಿ. ಕೊಡಗಿನ ಅಯ್ಯಪ್ಪನ ಬನಗಳಲ್ಲಿ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುವ ಪದ್ಧತಿ ಇದೆ ನಿಜ. ಹಾಗಂತ ಜೀವಂತ ನಾಯಿಯನ್ನು ಒಳಗೆ ನಡೆಸಲು ಅದು ಅನುಮತಿಯಲ್ಲ.

ಕಾಲ, ಹೊತ್ತು

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ನೆಲ ಒಣಗಿರುತ್ತದೆ, ಜಿಗಣೆ ಕಡಿಮೆ. ಅದೇ ಕೊಯ್ಲಿನ ಕಾಲವೂ ಹೌದು. ಮೊದಲು ಅರೇಬಿಕಾ ಕಾಫಿ, ಆಮೇಲೆ ರೊಬಸ್ಟಾ ಕಾಫಿ, ಅದರ ಜೊತೆಗೇ ಮೆಣಸು. ಏಣಿ ಹತ್ತಿ ಮೆಣಸು ಕೊಯ್ಯುವವರ ಬುಡದಲ್ಲಿ ನಾಯಿ ಬೊಗಳಿದರೆ ಮೇಲಿದ್ದವರಿಗೆ ಅಪಾಯ. ಅಂದು ಯಾವ ಬ್ಲಾಕ್‌ನಲ್ಲಿ ಕೆಲಸ ಇದೆ ಎಂದು ಮೇಸ್ತ್ರಿಯನ್ನೋ ತೋಟದ ಲೆಕ್ಕ ಬರೆಯುವ ರೈಟರನ್ನೋ ಕೇಳಿ, ಆ ಕಡೆ ಬಿಟ್ಟುಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ, ಅದರಲ್ಲೂ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡದ ದಿನಗಳಲ್ಲಿ, ತೋಟದೊಳಗಿನ ನಡಿಗೆ ಬೇಡ. ಜಿಗಣೆಯ ಮಾತು ಹಾಗಿರಲಿ, ನೆನೆದ ಮರದ ಕೊಂಬೆ ಯಾವಾಗ ಮುರಿದು ಬೀಳುತ್ತದೋ ಹೇಳಲಾಗದು.

ಕೈಲ್‌ಪೊಳ್ದ್ ಮತ್ತು ಪುತ್ತರಿ ಹಬ್ಬಗಳಲ್ಲಿ ಕೋವಿಯ ಸದ್ದು ಕೇಳುತ್ತದೆ. ಆನೆ, ಮಂಗ ಓಡಿಸಲು ವರ್ಷವಿಡೀ ಪಟಾಕಿ ಸಿಡಿಸುವುದೂ ಉಂಟು. ಪಟ್ಟಣದ ನಾಯಿ ಬೆದರಿ ಕೊರಳಪಟ್ಟಿಯಿಂದ ತಲೆ ಕಳಚಿಕೊಂಡು ಓಡುವುದು ಇಂಥ ಹೊತ್ತಿನಲ್ಲೇ.

ಬೆಳಿಗ್ಗೆ ಎಂಟರ ನಂತರ ಹೊರಟು ಹತ್ತೂವರೆಯೊಳಗೆ ಮನೆ ಸೇರಿ. ಸಂಜೆಯಾದರೆ ಐದಕ್ಕೆ ಮೊದಲೇ ವಾಪಸಾಗಿ. ಮುಂಜಾವಿನ ಮಂಜಿನಲ್ಲಿ ನಡೆಯುವುದು ಚೆಂದವೇ, ಆದರೆ ಹತ್ತು ಮಾರು ದೂರದಲ್ಲಿ ನಿಂತ ಆನೆ ಆ ಮಂಜಿನಲ್ಲಿ ಕಾಣುವುದಿಲ್ಲ.

ಹಗ್ಗ ಮತ್ತು ಕೈಚೀಲ

ಎದೆಗೂ ಬೆನ್ನಿಗೂ ಸುತ್ತಿ ಕಟ್ಟುವ ಹಾರ್ನೆಸ್ ಬೇಕು, ಬರೀ ಕೊರಳಪಟ್ಟಿ ಸಾಲದು. ಹಗ್ಗ ಒಂದೂವರೆ ಮೀಟರ್ ಉದ್ದದ್ದು ಇರಲಿ. ಅರೇಬಿಕಾ ಗಿಡಗಳನ್ನು ಸಾಮಾನ್ಯವಾಗಿ ಆರಡಿ ಅಂತರದಲ್ಲಿ ನೆಡುತ್ತಾರೆ. ಅದಕ್ಕಿಂತ ಉದ್ದದ ಹಗ್ಗ ಎರಡು ಹೆಜ್ಜೆಗೊಮ್ಮೆ ಕಾಫಿ ಬುಡಕ್ಕೆ ಸುತ್ತಿಕೊಳ್ಳುತ್ತದೆ. ನಾಯಿ ಎಳೆದಂತೆ ಉದ್ದವಾಗುವ ರೀಲ್ ಹಗ್ಗ ತೋಟದಲ್ಲಿ ಕೆಲಸಕ್ಕೆ ಬರುವುದಿಲ್ಲ. ಗಿಡದ ರೆಕ್ಕೆಗೆ, ಅಂದರೆ ಅಡ್ಡಕೊಂಬೆಗೆ, ಸಿಕ್ಕಿ ಹಣ್ಣೂ ಉದುರುತ್ತದೆ, ತೋಟದವರ ಬೈಗುಳವೂ ಸಿಗುತ್ತದೆ.

ಇಪ್ಪತ್ತು ಕಿಲೋ ತೂಕದ ನಾಯಿಗೆ ಎರಡು ಗಂಟೆಯ ನಡಿಗೆಗೆ ಒಂದು ಲೀಟರ್ ನೀರು ಹೊತ್ತುಕೊಳ್ಳಿ. ಅರ್ಧ ಗಂಟೆಗೊಮ್ಮೆ ಅರ್ಧ ಲೋಟದಷ್ಟು ಕುಡಿಸಿ, ಒಮ್ಮೆಲೇ ಹೊಟ್ಟೆ ತುಂಬ ಬೇಡ. ಚೀಲದಲ್ಲಿ ಹತ್ತಿ, ಕ್ರೇಪ್ ಬ್ಯಾಂಡೇಜ್, ಚಿಮಟ, ಥರ್ಮಾಮೀಟರ್, ತಂತಿ ಕತ್ತರಿಸುವ ಇಕ್ಕಳ, ನಾಯಿಯನ್ನು ಹೊತ್ತು ತರಲು ಒಂದು ಗಟ್ಟಿ ಬೆಡ್‌ಶೀಟ್ ಇರಲಿ. ಹತ್ತಿರದ ಪಶುವೈದ್ಯರ ನಂಬರನ್ನು ಹೊರಡುವ ಮೊದಲೇ ಕೇಳಿ ಕಾಗದದಲ್ಲಿ ಬರೆದುಕೊಳ್ಳಿ. ಕಣಿವೆಯಲ್ಲಿ ನೆಟ್‌ವರ್ಕ್ ಹೋದರೆ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಯಾರದೋ ಫೋನಿನಿಂದ ಮಾಡಬೇಕಾಗಬಹುದು.

ನೆರಳಿದ್ದರೂ ಸೆಕೆ

ರಾಯಚೂರು, ಬಳ್ಳಾರಿಯ ಒಣ ಹವೆಯಲ್ಲಿ ಮರದ ಕೆಳಗೆ ಬಂದ ನಾಯಿ ಬೇಗ ಸುಧಾರಿಸಿಕೊಳ್ಳುತ್ತದೆ. ನಮ್ಮ ಹಾಗೆ ಅದಕ್ಕೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕಿ, ಬಾಯಿಯ ತೇವ ಆರಿದಾಗ ಮೈ ತಣ್ಣಗಾಗುತ್ತದೆ. ಗಾಳಿಯಲ್ಲೇ ತೇವ ತುಂಬಿದ್ದರೆ ಅದು ಆರುವುದೆಲ್ಲಿಂದ? ಏಪ್ರಿಲ್–ಮೇ ತಿಂಗಳಲ್ಲಿ ಮಳೆ ಬಿದ್ದ ಮರುದಿನ ಗಾಳಿಯಾಡದ ರೊಬಸ್ಟಾ ತೋಟದ ಹವೆ ಕುದಿಯುವ ಕಡುಬಿನ ಪಾತ್ರೆಯ ಒಳಗಿನಂತಿರುತ್ತದೆ. ಉಷ್ಣಾಂಶ ಮೂವತ್ತು ದಾಟದಿದ್ದರೂ ನಾಯಿ ಕುಸಿಯಬಹುದು. ಪಗ್, ಶಿಟ್ಜು, ಬಾಕ್ಸರ್‌ನಂಥ ಚಪ್ಪಟೆ ಮೂಗಿನವು, ದಪ್ಪಗಾದ ಲ್ಯಾಬ್ರಡಾರ್, ಮುದಿನಾಯಿಗಳನ್ನು ಅಂಥ ದಿನ ಮನೆಯಲ್ಲೇ ಬಿಡಿ.

ನಾಯಿಯ ಸಹಜ ಮೈಬಿಸಿ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. 40 ದಾಟಿದರೆ ನಡಿಗೆ ಅಲ್ಲಿಗೇ ನಿಲ್ಲಬೇಕು, 41ಕ್ಕೆ ಬಂದರೆ ಪ್ರಾಣಕ್ಕೆ ಅಪಾಯ. ಥರ್ಮಾಮೀಟರ್ ತೆಗೆಯುವ ಮೊದಲೇ ಕಣ್ಣಿಗೆ ಕಾಣುವ ಗುರುತುಗಳಿವೆ: ನಾಲಿಗೆ ಅಗಲವಾಗಿ ಹೊರಚಾಚಿ ಕಡುಗೆಂಪಾಗುವುದು, ಜೊಲ್ಲು ಅಂಟಂಟಾಗುವುದು, ಹಿಂಗಾಲು ತೂರಾಡುವುದು, ವಾಂತಿ. ಹೊಟ್ಟೆ, ತೊಡೆಸಂದಿ, ಪಾದಗಳ ಮೇಲೆ ನೀರು ಹೊಯ್ದು ಯಾವುದಾದರೂ ಅಗಲ ಎಲೆಯಿಂದ ಗಾಳಿ ಬೀಸಿ. ಒದ್ದೆ ಬಟ್ಟೆ ಹೊದಿಸಿ ಹಾಗೇ ಬಿಡುವುದು ತಪ್ಪು. ಬಟ್ಟೆಯ ಕೆಳಗೆ ಬಿಸಿ ಉಳಿದುಕೊಳ್ಳುತ್ತದೆ. ಮೈಬಿಸಿ 39.5ಕ್ಕೆ ಇಳಿದ ಮೇಲೆ ನೀರು ಹೊಯ್ಯುವುದನ್ನು ನಿಲ್ಲಿಸಿ. ಜೀಪಿನ ಕಿಟಕಿಗಳನ್ನೆಲ್ಲ ತೆರೆದು ವೈದ್ಯರ ಬಳಿ ಕರೆದೊಯ್ಯಿರಿ. ಚೇತರಿಸಿಕೊಂಡಂತೆ ಕಂಡರೂ ತೋರಿಸಲೇಬೇಕು. ಮೂತ್ರಪಿಂಡಕ್ಕೆ ಆದ ಹಾನಿ ಒಂದೆರಡು ದಿನ ಬಿಟ್ಟು ಹೊರಬೀಳಬಹುದು.

ಜಿಗಣೆ

ನಮ್ಮ ಕಾಲಿಗೆ ಹಚ್ಚಿಕೊಳ್ಳುವ ಹೊಗೆಸೊಪ್ಪಿನ ನೀರು, ನಶ್ಯ, ಸುಣ್ಣ, ಉಪ್ಪು, ಸೀಮೆಎಣ್ಣೆ ಯಾವುದನ್ನೂ ನಾಯಿಗೆ ಹಚ್ಚಬೇಡಿ. ಹಚ್ಚಿದ್ದನ್ನು ಅದು ನೆಕ್ಕುತ್ತದೆ. ನಿಕೋಟಿನ್ ನಾಯಿಗೆ ವಿಷ, ಸುಣ್ಣ ಬಾಯಿ ಸುಡುತ್ತದೆ, ಹೆಚ್ಚು ಉಪ್ಪು ಹೊಟ್ಟೆಗೆ ಹೋದರೂ ವಾಂತಿ, ನಡುಕ. ಪಾದದ ಬೆರಳ ಸಂದಿಗೆ ಕೊಬ್ಬರಿ ಎಣ್ಣೆ ಸವರಿದರೆ ಜಿಗಣೆಗೆ ಹಿಡಿತ ಸಿಗದೆ ಸ್ವಲ್ಪ ಹೊತ್ತು ತಡೆಯುತ್ತದೆ. ಒದ್ದೆ ಹುಲ್ಲಿನಲ್ಲಿ ಅರ್ಧ ಗಂಟೆ ನಡೆದರೆ ಅದೂ ತೊಳೆದುಹೋಗುತ್ತದೆ. ಹೆಚ್ಚು ಫಲ ಕೊಡುವುದು ನಿಲ್ಲದೆ ನಡೆಯುವುದು. ನಿಂತಲ್ಲೇ ಜಿಗಣೆ ಹತ್ತುತ್ತದೆ. ಆದ್ದರಿಂದ ನೀರು ಕುಡಿಸುವ ವಿರಾಮವನ್ನು ತರಗೆಲೆಯ ಮೇಲೆ ಇಟ್ಟುಕೊಳ್ಳದೆ ಬಂಡೆಯ ಮೇಲೋ ಕಾಫಿ ಒಣಗಿಸುವ ಕಣದ ಅಂಚಿನಲ್ಲೋ ಇಟ್ಟುಕೊಳ್ಳಿ.

ಹತ್ತಿದ ಜಿಗಣೆಯನ್ನು ಎಳೆಯಬೇಡಿ. ಅದರ ಸಪೂರ ತುದಿಯಲ್ಲಿ ಬಾಯಿ ಇರುತ್ತದೆ. ಉಗುರನ್ನು ಚರ್ಮಕ್ಕೆ ಒತ್ತಿ ಮೊದಲು ಆ ತುದಿಯನ್ನು ಪಕ್ಕಕ್ಕೆ ಸರಿಸಿ, ಆಮೇಲೆ ದಪ್ಪ ತುದಿಯನ್ನು ಬಿಡಿಸಿ ದೂರ ಚಿಮ್ಮಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುವುದರಿಂದ ಗಾಯ ತುಂಬ ಹೊತ್ತು ಒಸರುತ್ತದೆ. ಹತ್ತಿ ಇಟ್ಟು ಹತ್ತು ನಿಮಿಷ ಒತ್ತಿಹಿಡಿಯಿರಿ. ನಡುವೆ ಎತ್ತಿ ಎತ್ತಿ ನೋಡಿದರೆ ರಕ್ತ ನಿಲ್ಲುವುದಿಲ್ಲ.

ಮೂಗಿನೊಳಗೆ ಹೊಕ್ಕ ಜಿಗಣೆಯ ಕಥೆ ಬೇರೆ. ತೋಡಿನ (ಸಣ್ಣ ಹಳ್ಳದ) ನೀರು ಕುಡಿಯುವಾಗ ಜಿಗಣೆಯ ಸಣ್ಣ ಮರಿ ಒಳಸೇರಿ, ದಿನಗಟ್ಟಲೆ ಅಲ್ಲೇ ಬೆಳೆಯುತ್ತದೆ. ಮನೆಗೆ ಮರಳಿದ ಮೇಲೆ ನಾಯಿ ಪದೇ ಪದೇ ಸೀನಿ, ಒಂದೇ ಹೊಳ್ಳೆಯಿಂದ ರಕ್ತ ಸುರಿಸಿದರೆ ಇದನ್ನೇ ಶಂಕಿಸಿ. ಮೂಗಿಗೆ ಉಪ್ಪುನೀರು ಬಿಡಬೇಡಿ. ವೈದ್ಯರಿಗೆ ‘ತೋಟದ ತೋಡಿನ ನೀರು ಕುಡಿದಿತ್ತು’ ಎಂದು ನೀವೇ ಹೇಳಿ, ಪಟ್ಟಣದ ಕ್ಲಿನಿಕ್ಕಿನಲ್ಲಿ ಇದು ತಕ್ಷಣ ಹೊಳೆಯಲಿಕ್ಕಿಲ್ಲ. ಕಣ್ಣಿನ ರೆಪ್ಪೆಯೊಳಗೆ ಸೇರಿದ್ದರೂ ನೀವಾಗಿ ಕೀಳಬೇಡಿ.

ನಿಂತ ನೀರಿನಿಂದ ಇಲಿಜ್ವರದ ಭಯವೂ ಇದೆ. ಅದರ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಬೇಕು. ರೇಬೀಸ್, ಡಿಸ್ಟೆಂಪರ್, ಪಾರ್ವೊ ಲಸಿಕೆಗಳ ಜೊತೆ ಅದೂ ಆಗಿದೆಯೇ ಎಂದು ಲಸಿಕೆ ಪುಸ್ತಕ ತೆರೆದು ನೋಡಿ.

ಉರುಳು, ಬೇಲಿ, ಡ್ರಮ್ಮು

ಕಾಡುಹಂದಿಗೆಂದು ತೋಟದ ಬೇಲಿಸಂದಿನಲ್ಲಿ ಕದ್ದು ಒಡ್ಡುವ ತಂತಿ ಉರುಳಿಗೆ ಚಿರತೆ, ಹುಲಿಗಳೂ ಬಿದ್ದಿವೆ. ಉರುಳು ಇರುವುದು ಪ್ರಾಣಿಗಳು ನುಸುಳುವ ಕಿಂಡಿಯಲ್ಲಿ. ನಿಮ್ಮ ನಾಯಿ ಮೂಗು ತೂರಿಸುವುದೂ ಅಲ್ಲೇ. ಸಿಕ್ಕಿಬಿದ್ದ ನಾಯಿ ಜಗ್ಗಿದಷ್ಟೂ ಗಂಟು ಬಿಗಿಯುತ್ತದೆ. ಆದ್ದರಿಂದ ಮೊದಲ ಕೆಲಸ ಬಿಡಿಸುವುದಲ್ಲ, ನಾಯಿಯನ್ನು ತಬ್ಬಿ ತಂತಿ ಕಟ್ಟಿದ ಗೂಟದ ಕಡೆಗೇ ಸರಿಸಿ ಎಳೆತ ಸಡಿಲಿಸುವುದು. ನೋವಿಗೆ ನಿಮ್ಮನ್ನೇ ಕಚ್ಚಬಹುದು, ಅಂಗಿಯನ್ನೋ ಬೆಡ್‌ಶೀಟನ್ನೋ ಅದರ ತಲೆಯ ಮೇಲೆ ಹಾಕಿ. ಆಮೇಲೆ ಇಕ್ಕಳದಿಂದ ತಂತಿ ಕತ್ತರಿಸಿ. ಕತ್ತಿಯಿಂದ ಆಗದು. ಹೊಟ್ಟೆಗೆ ಬಿಗಿದಿದ್ದರೆ ಮೇಲೆ ಗಾಯ ಕಾಣದಿದ್ದರೂ ವೈದ್ಯರಿಗೆ ತೋರಿಸಿ. ಉರುಳಿನ ವಿಷಯವನ್ನು ತೋಟದವರಿಗೂ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೂ ತಿಳಿಸಿ.

ಸೋಲಾರ್ ಬೇಲಿಯ ಹೊಡೆತದಿಂದ ನಾಯಿ ಸಾಮಾನ್ಯವಾಗಿ ಸಾಯುವುದಿಲ್ಲ. ಆದರೆ ಒದ್ದೆ ಮೂಗು ತಾಗಿದರೆ ಚೀರಿ ದಿಕ್ಕೆಟ್ಟು ಓಡುತ್ತದೆ. ಹಗ್ಗ ಕೈಗೆ ಸುತ್ತಿಕೊಂಡಿರಿ. ಮಳೆಗಾಲದ ಮುಂಚೆ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮುಗಳು ತೋಟದಲ್ಲಿ ತೆರೆದೇ ಇರುತ್ತವೆ. ಮೈಲುತುತ್ತದ ಆ ನೀಲಿ ನೀರನ್ನು ನಾಯಿ ಕುಡಿಯಬಾರದು. ಉದುರಿದ ಕಾಫಿ ಹಣ್ಣು, ಕಣದ ಬೀಜ ತಿನ್ನಲೂ ಬಿಡಬೇಡಿ. ಕೆಫೀನ್ ಹಸಿ ಬೀಜದಲ್ಲೂ ಇದೆ.

ಆನೆ

ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ, ತಿತಿಮತಿ ಕಡೆ ಆನೆಗಳು ಹಗಲಿಡೀ ತೋಟದೊಳಗೇ ನಿಂತಿರುವುದುಂಟು. ಹಲಸು ಹಣ್ಣಾಗುವ ಕಾಲದಲ್ಲಂತೂ ಹೆಚ್ಚು. ‘ಇವತ್ತು ಆನೆ ಉಂಟಾ?’ ಎಂದು ಅಂದಂದಿನ ಬೆಳಿಗ್ಗೆ ಕೇಳಬೇಕು, ನಿನ್ನೆಯ ಉತ್ತರ ಇಂದಿಗೆ ನಡೆಯದು. ಹಸಿ ಲದ್ದಿ, ಆಗಷ್ಟೇ ಸೀಳಿದ ಬಾಳೆದಿಂಡು, ತುಳಿದ ಕಾಫಿ ಗಿಡ ಕಂಡರೆ ಬಂದ ದಾರಿಯಲ್ಲೇ ತಿರುಗಿ. ಬಿಟ್ಟ ನಾಯಿ ಆನೆಯನ್ನು ಕಂಡು ಬೊಗಳುತ್ತಾ ಮುನ್ನುಗ್ಗುತ್ತದೆ. ಆನೆ ಅಟ್ಟಿಸಿಕೊಂಡು ಬಂದಾಗ ಧೈರ್ಯ ಉಡುಗಿ ನೇರ ನಿಮ್ಮ ಬಳಿಗೇ ಓಡಿಬರುತ್ತದೆ, ಹಿಂದೆ ಆನೆ. ತೋಟದಲ್ಲಿ ನಾಯಿಯನ್ನು ಹಗ್ಗದಿಂದ ಬಿಡಲೇಬಾರದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು. ಹಗ್ಗ ಕೈತಪ್ಪಿದ್ದರೆ ಕೂಗಿ ಕರೆಯದೆ ಜೀಪು ಅಥವಾ ಲೈನ್ ಮನೆಯ ಕಡೆ ಸರಿಯಿರಿ. ರಾತ್ರಿ ನಾಯಿಯನ್ನು ಹೋಂಸ್ಟೇಯ ಜಗಲಿಯಲ್ಲಿ ಕಟ್ಟಬೇಡಿ, ಚಿರತೆಗೆ ಅದು ಸುಲಭದ ಬೇಟೆ.

ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಗಾಯ ಕೊಯ್ಯಬೇಡಿ. ನಾಯಿಯನ್ನು ನಡೆಸದೆ ಬೆಡ್‌ಶೀಟಿನಲ್ಲಿ ಹೊತ್ತು ತನ್ನಿ. ಮೂತಿ ಊದುತ್ತಿದ್ದರೆ ಕೊರಳಪಟ್ಟಿ ಬಿಚ್ಚಿ. ವೈದ್ಯರಿಗೆ ಫೋನ್ ಮಾಡಿ ಪ್ರತಿವಿಷ ಇದೆಯೇ ಎಂದು ಕೇಳಿಕೊಂಡೇ ಹೊರಡಿ.

ಮನೆಗೆ ಬಂದ ಮೇಲೆ

ಉಣ್ಣೆ ತಡೆಯುವ ಮಾತ್ರೆ ಅಥವಾ ಬೆನ್ನಿಗೆ ಬಿಡುವ ಹನಿಯನ್ನು ವೈದ್ಯರನ್ನು ಕೇಳಿ ಪ್ರವಾಸಕ್ಕೆ ಕೆಲವು ದಿನ ಮೊದಲೇ ಕೊಟ್ಟಿರಬೇಕು. ಹನಿ ಬಿಟ್ಟ ಎರಡು ದಿನ ಸ್ನಾನ ಮಾಡಿಸಬಾರದು. ಫಿಟ್ಸ್ ಬರುವ ನಾಯಿಯಾದರೆ ಮಾತ್ರೆ ಕೊಡುವ ಮೊದಲು ವೈದ್ಯರಿಗೆ ಆ ವಿಷಯ ಹೇಳಿ. ಇಷ್ಟೆಲ್ಲ ಮಾಡಿದ್ದರೂ ವಾಪಸು ಬಂದ ಕೂಡಲೇ ಕಿವಿಯ ಒಳಮಡಿಕೆ, ಬೆರಳ ಸಂದಿ, ಕಂಕುಳು, ಬಾಲದ ಬುಡ, ಹಾರ್ನೆಸ್ಸಿನ ಪಟ್ಟಿಯ ಅಡಿಯನ್ನು ಬೆರಳಿನಿಂದ ತಡವಿ ನೋಡಿ. ಉಣ್ಣೆ ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ಒತ್ತಿದಂತೆ ಹಿಡಿದು ನೇರ ಮೇಲಕ್ಕೆ ಎತ್ತಿ. ಬೆಂಕಿಕಡ್ಡಿ ತಾಗಿಸುವುದು, ಸೀಮೆಎಣ್ಣೆ ಹಾಕುವುದು ಬೇಡ. ಬೆರಳಲ್ಲಿ ಹಿಸುಕಬೇಡಿ, ಸ್ಪಿರಿಟ್ ಇರುವ ಡಬ್ಬಿಗೆ ಹಾಕಿ.

ಆ ದಿನಾಂಕವನ್ನು ಲಸಿಕೆ ಪುಸ್ತಕದಲ್ಲೇ ಬರೆದಿಡಿ. ಉಣ್ಣೆಜ್ವರ ಸಾಮಾನ್ಯವಾಗಿ ಒಂದರಿಂದ ಮೂರು ವಾರ ಬಿಟ್ಟು ಕಾಣಿಸಿಕೊಳ್ಳುತ್ತದೆ, ಅಷ್ಟರಲ್ಲಿ ಕೊಡಗಿಗೆ ಹೋಗಿದ್ದೇ ಮರೆತಿರುತ್ತದೆ. ನಾಯಿ ಊಟ ಬಿಟ್ಟು ಮೂಲೆ ಹಿಡಿದರೆ, ಒಸಡು ಬಿಳಿಚಿಕೊಂಡರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅಂದೇ ರಕ್ತಪರೀಕ್ಷೆ ಮಾಡಿಸಿ, ಆ ಪುಟವನ್ನು ವೈದ್ಯರಿಗೆ ತೋರಿಸಿ.